ಸರ್ಕಾರದ ನೆರವು ಪಡೆದವರ ಬದುಕು ನೆಮ್ಮದಿಯದಾಗುತ್ತದೆಯೇ?

ಕಲ್ಯಾಣ ಯೋಜನೆಗಳ ಬಗ್ಗೆ ಬರೆಯುವ ನನ್ನನ್ನು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ಆಗುತ್ತದೆ ಎಂಬುದೇ ನನ್ನ ಉತ್ತರ. ಆದರೆ ಎಷ್ಟರ ಮಟ್ಟಿಗೆ ಎಂಬುದನ್ನು ನೆರವಿನ ಮೊತ್ತದಷ್ಟೇ ಅದನ್ನು ಕೊಡುವ ರೀತಿಯೂ ನಿರ್ಧರಿಸುತ್ತದೆ.

ನೆರವು ಪಡೆಯುವವರು ಸಮೀಕ್ಷೆಗಳಲ್ಲಿ ಇತರರಿಗಿಂತ ಕಡಿಮೆ ತೃಪ್ತಿ ಸೂಚಿಸುತ್ತಾರೆ, ಆದ್ದರಿಂದ ನೆರವೇ ಜನರನ್ನು ಕುಗ್ಗಿಸುತ್ತದೆ ಎಂದು ಕೆಲವರು ವಾದಿಸುವುದುಂಟು. ಕೆಲಸ ಕಳೆದುಕೊಂಡವರು, ಕಾಯಿಲೆ ಬಿದ್ದವರು, ಒಬ್ಬಂಟಿಯಾಗಿ ಮಕ್ಕಳನ್ನು ಸಾಕುವವರೇ ಅರ್ಜಿ ಹಾಕುವುದರಿಂದ ಈ ವಾದ ನಿಲ್ಲುವುದಿಲ್ಲ. ಒಂದೇ ಬಗೆಯ ಕಷ್ಟದಲ್ಲಿದ್ದು ನೆರವು ಸಿಕ್ಕವರನ್ನು, ಸಿಗದವರೊಂದಿಗೆ ಹೋಲಿಸಬೇಕು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ನಡೆದ ನಗದು ವರ್ಗಾವಣೆಯ 45 ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆ ಹಾಗೆ ಹೋಲಿಸಿದಾಗ, ಮಾನಸಿಕ ಆರೋಗ್ಯವೂ ಬದುಕಿನ ತೃಪ್ತಿಯೂ ಸುಧಾರಿಸಿದ್ದು ಕಂಡುಬಂತು. ಸುಧಾರಣೆ ಸಣ್ಣದೇ, ಆದರೆ ನಿಜವಾದದ್ದು.

ಫಿನ್ಲೆಂಡಿನ ಪ್ರಯೋಗ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. 2017 ಮತ್ತು 2018ರಲ್ಲಿ ಅಲ್ಲಿನ ಸರ್ಕಾರ ಯಾದೃಚ್ಛಿಕವಾಗಿ ಆರಿಸಿದ 2,000 ನಿರುದ್ಯೋಗಿಗಳಿಗೆ ಯಾವ ಷರತ್ತೂ ಇಲ್ಲದೆ ತಿಂಗಳಿಗೆ 560 ಯೂರೋ ಕೊಟ್ಟಿತು. ಈ ಮೊತ್ತ ಅವರಿಗೆ ಹೇಗೂ ಸಿಗುತ್ತಿದ್ದ ಮೂಲ ನಿರುದ್ಯೋಗ ಭತ್ಯೆಗೆ ಹೆಚ್ಚುಕಡಿಮೆ ಸಮನಾಗಿತ್ತು. ಬದಲಾದದ್ದು ಇಷ್ಟು: ಕೆಲಸ ಹುಡುಕುತ್ತಿದ್ದೇನೆಂದು ಸಾಬೀತುಪಡಿಸುವ ಅಗತ್ಯವಿರಲಿಲ್ಲ, ಕೆಲಸ ಸಿಕ್ಕರೂ ಹಣ ನಿಲ್ಲುತ್ತಿರಲಿಲ್ಲ. ಬದುಕಿನ ತೃಪ್ತಿಗೆ ಹತ್ತರಲ್ಲಿ ಅಂಕ ಕೊಡಿ ಎಂದಾಗ ಇವರ ಸರಾಸರಿ 7.3 ಇದ್ದರೆ, ಉಳಿದ ನಿರುದ್ಯೋಗಿಗಳದ್ದು 6.8 ಇತ್ತು. ಸಮೀಕ್ಷೆಗೆ ಉತ್ತರಿಸಿದವರು ಕಡಿಮೆಯಾದ್ದರಿಂದ ಅಂಕಿಗಳನ್ನು ಎಚ್ಚರದಿಂದಲೇ ಓದಬೇಕು. ಆದರೂ ಅವು ತೋರುವ ದಿಕ್ಕು ನನಗೆ ಮುಖ್ಯವೆನಿಸುತ್ತದೆ.

ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2008ರಲ್ಲಿ ಬಡವರಿಗೆ ಸರ್ಕಾರಿ ಆರೋಗ್ಯ ವಿಮೆಯನ್ನು ಲಾಟರಿ ಮೂಲಕ ಹಂಚಿದಾಗಲೂ ಇಂಥದ್ದೇ ಕಂಡಿತು. ಸುಮಾರು ಎರಡು ವರ್ಷಗಳ ನಂತರ ರಕ್ತದೊತ್ತಡದಲ್ಲಾಗಲಿ ಕೊಲೆಸ್ಟ್ರಾಲ್‌ನಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣದಿದ್ದರೂ ಖಿನ್ನತೆ ಸ್ಪಷ್ಟವಾಗಿ ತಗ್ಗಿತ್ತು, ಆಸ್ಪತ್ರೆಯ ಬಿಲ್ಲಿನಿಂದ ದಿವಾಳಿಯಾಗುವಂಥ ಸ್ಥಿತಿ ಬಹುಮಟ್ಟಿಗೆ ಇಲ್ಲವಾಗಿತ್ತು. ನಾಳೆ ಏನಾಗುವುದೋ ಎಂಬ ಭಯ ಕಡಿಮೆಯಾಗುವುದೇ ನೆರವಿನ ಮೊದಲ ಫಲ ಎಂದು ನಾನು ನಂಬಿದ್ದೇನೆ.

ಆ ಭಯವನ್ನು ನೆರವಿನ ವ್ಯವಸ್ಥೆಯೇ ಹುಟ್ಟಿಸಿದರೆ ಫಲ ತಿರುಗುಮುರುಗಾಗುತ್ತದೆ. ಬ್ರಿಟನ್ ಹಲವು ಭತ್ಯೆಗಳನ್ನು ‘ಯೂನಿವರ್ಸಲ್ ಕ್ರೆಡಿಟ್’ ಎಂಬ ಒಂದೇ ಯೋಜನೆಯಾಗಿಸಿದಾಗ, ಕೈ ಬರಿದಾದವರು ಮೊದಲ ಕಂತಿಗಾಗಿ ಐದಾರು ವಾರ ಕಾಯಬೇಕಾಯಿತು, ನಿಯಮ ತಪ್ಪಿದರೆ ಹಣಕ್ಕೆ ಕತ್ತರಿ ಬೀಳುತ್ತಿತ್ತು. ಅದು ಜಾರಿಯಾದ ಪ್ರದೇಶಗಳ ನಿರುದ್ಯೋಗಿಗಳಲ್ಲಿ ಮಾನಸಿಕ ಯಾತನೆ ಹೆಚ್ಚಿದ್ದನ್ನು ಸಂಶೋಧಕರು 2020ರಲ್ಲಿ ದಾಖಲಿಸಿದರು.

ಹಣ ನೀಗಿಸಲಾರದ ಕೊರತೆಯೂ ಒಂದಿದೆ. ಜರ್ಮನಿಯಲ್ಲಿ ದೀರ್ಘಕಾಲ ನಿರುದ್ಯೋಗಿಗಳಾಗಿದ್ದವರು ನಿವೃತ್ತಿಯ ವಯಸ್ಸು ತಲುಪಿ ಪಿಂಚಣಿದಾರರಾದಾಗ, ದಿನಚರಿ ಬದಲಾಗದಿದ್ದರೂ, ಆದಾಯ ಹೆಚ್ಚದಿದ್ದರೂ, ಬದುಕಿನ ತೃಪ್ತಿ ಗಣನೀಯವಾಗಿ ಏರಿದ್ದು ಅಲ್ಲಿನ ಅಧ್ಯಯನದಲ್ಲಿ ಕಂಡುಬಂದಿದೆ. ಕೆಲಸ ಮಾಡಬೇಕಿತ್ತು, ಮಾಡುತ್ತಿಲ್ಲ ಎಂಬ ಸಮಾಜದ ನಿರೀಕ್ಷೆಯ ಭಾರ ಆ ದಿನದಿಂದ ಅವರ ಮೇಲಿರಲಿಲ್ಲ.