ಮನೆಗೆ ಕಳಿಸಿದ ಸೈನಿಕರು

ಈ ವಾರ ಅಂತಿಮ ಪದವಿ ತರಗತಿಯಲ್ಲಿ ಐಸಿಸ್ ಸಂಘಟನೆಯ ಮೂಲವನ್ನು ವಿವರಿಸುತ್ತಿದ್ದಾಗ, ಎಂದೂ ಮಾತನಾಡದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಕೆಲಸದಿಂದ ತೆಗೆದ ಮೇಲೆ ಆ ಸೈನಿಕರು ಬಂದೂಕನ್ನು ಯಾರಿಗೆ ಒಪ್ಪಿಸಿದರು?" ಎಂದು ಕೇಳಿದಳು. ಸದ್ದಾಂ ಹುಸೇನನ ಪತನದ ಬಳಿಕ, 2003ರ ಮೇ ತಿಂಗಳಲ್ಲಿ, ಇರಾಕನ್ನು ವಶಪಡಿಸಿಕೊಂಡಿದ್ದ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಇರಾಕಿನ ಸೇನೆಯನ್ನು ಒಂದೇ ಆದೇಶದಿಂದ ವಿಸರ್ಜಿಸಿದ್ದನ್ನು ಆಗಷ್ಟೇ ಹೇಳಿದ್ದೆ. "ಹೆಚ್ಚಿನವರು ಯಾರಿಗೂ ಒಪ್ಪಿಸಲಿಲ್ಲಮ್ಮ" ಎಂದೆ. ಸೈನಿಕರಲ್ಲಿ ಅನೇಕರು ಆದೇಶಕ್ಕೆ ಮೊದಲೇ ಚದುರಿದ್ದರು, ಕಾವಲಿಲ್ಲದ ಶಸ್ತ್ರಾಗಾರಗಳು ಲೂಟಿಯಾಗಿದ್ದವು.

ಈ ಪ್ರಶ್ನೆಯನ್ನು ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. "ಮತಾಂಧತೆಯೇ ಕಾರಣ ಎಂದು ಒಂದು ಸಾಲು ಬರೆಸಿದರೆ ಸಾಕಲ್ಲವೇ?" ಎಂದರು. ಅವರು ಶ್ರದ್ಧೆಯ ಅಧ್ಯಾಪಕರು, ಆದರೆ ಉತ್ತರ ಮೊದಲೇ ಗೊತ್ತಿದೆ ಎಂಬ ಅವರ ಧಾಟಿ ನನಗೆ ಎಂದೂ ಹಿಡಿಸಿಲ್ಲ. ಹೆಚ್ಚು ಒತ್ತಾಯಿಸಿದರೆ ಖವಾರಿಜರನ್ನು ಉದಾಹರಿಸುತ್ತಾರೆ. 657ರ ಸಿಫ್ಫೀನ್ ಯುದ್ಧದ ನಂತರ, ತೀರ್ಪು ದೇವರದೊಂದೇ ಎನ್ನುತ್ತ ಖಲೀಫ ಅಲಿಯ ಪಾಳಯವನ್ನು ತೊರೆದು, ತಮ್ಮನ್ನು ಒಪ್ಪದ ಮುಸ್ಲಿಮರನ್ನೇ ಧರ್ಮಭ್ರಷ್ಟರೆಂದು ಸಾರಿದವರು ಅವರು. 661ರಲ್ಲಿ ಅಲಿಯನ್ನು ಕೊಂದವನೂ ಅವರಲ್ಲೊಬ್ಬ. ಹೋಲಿಕೆ ಸುಳ್ಳಲ್ಲ. ಆದರೆ ಅದು ನಂಬಿಕೆಯನ್ನು ವಿವರಿಸುತ್ತದೆಯೇ ಹೊರತು ಆ ಹುಡುಗಿ ಕೇಳಿದ ಬಂದೂಕನ್ನಲ್ಲ.

ಅದಕ್ಕೆ ಹತ್ತಿರದ ಹೋಲಿಕೆ ಅರೇಬಿಯಾದ ಇಖ್ವಾನ್ ಪಡೆ. ಮುಂದೆ ಸೌದಿ ಅರೇಬಿಯಾವನ್ನು ಸ್ಥಾಪಿಸಿದ ಇಬ್ನ್ ಸೌದ್ ಅಲೆಮಾರಿ ಬದೂಯಿನರನ್ನು ಹೊಸ ಊರುಗಳಲ್ಲಿ ನೆಲೆಗೊಳಿಸಿ, ಕಠೋರ ಧರ್ಮಬೋಧೆಯನ್ನೂ ಆಯುಧವನ್ನೂ ಒಟ್ಟಿಗೆ ಕೊಟ್ಟು, 1924-25ರಲ್ಲಿ ಅವರ ಬಲದಿಂದಲೇ ಮೆಕ್ಕಾ, ಮದೀನಾಗಳಿರುವ ಹಿಜಾಜನ್ನು ಗೆದ್ದ. ಇರಾಕ್ ಮತ್ತು ಟ್ರಾನ್ಸ್‌ಜೋರ್ಡಾನಿನ ಗಡಿಯಲ್ಲಿ ಬ್ರಿಟಿಷರು ನಿಂತಿದ್ದರಿಂದ ಮುಂದಿನ ದಾಳಿಗಳನ್ನು ನಿಲ್ಲಿಸಲು ಇಬ್ನ್ ಸೌದ್ ಹೇಳಿದಾಗ ಇಖ್ವಾನರು ಅವನ ಮೇಲೆಯೇ ತಿರುಗಿಬಿದ್ದರು, 1929ರ ಮಾರ್ಚಿನಲ್ಲಿ ಸಬಿಲ್ಲಾದಲ್ಲಿ ಸೋತರು. ಅರ್ಧ ಶತಮಾನದ ಬಳಿಕ, 1979ರ ನವೆಂಬರಿನಲ್ಲಿ ಮೆಕ್ಕಾದ ಮಹಾಮಸೀದಿಯನ್ನು ಸಶಸ್ತ್ರವಾಗಿ ವಶಪಡಿಸಿಕೊಂಡ ಜುಹೈಮಾನ್ ಅಲ್-ಉತೈಬಿ ಅಂಥದೇ ಇಖ್ವಾನ್ ಊರಿನಲ್ಲಿ ಹುಟ್ಟಿದವನು, ಸೌದಿ ರಾಷ್ಟ್ರೀಯ ರಕ್ಷಣಾ ಪಡೆಯಲ್ಲಿ ಸೇವೆ ಸಲ್ಲಿಸಿದ್ದವನು. ಐಸಿಸ್‌ನ ಗುಪ್ತಚರ ವ್ಯವಸ್ಥೆಗೆ ನೀಲನಕ್ಷೆ ಬರೆದ ಹಾಜಿ ಬಕ್ರ್ ಕೂಡ ಸದ್ದಾಂ ಕಾಲದ ಇರಾಕಿ ಸೇನೆಯಲ್ಲಿ ಕರ್ನಲ್ ಆಗಿದ್ದವನು. ಇಂಥವರನ್ನು ತರಬೇತುಗೊಳಿಸಿ ಆಯುಧ ಕೊಟ್ಟದ್ದು ಅಧಿಕಾರವೇ ಎಂಬುದನ್ನು ಬಿಟ್ಟು ಮತಾಂಧತೆಯೊಂದನ್ನೇ ಬರೆಸಿದರೆ, ಆ ಅಧಿಕಾರದ ಪಾಲನ್ನು ನಾವೇ ಅಳಿಸಿದಂತಾಗುತ್ತದೆ.

ಹಾಗೆಂದು ಇದನ್ನು ಕ್ಷಮೆಯ ವಾದವಾಗಿ ಯಾರೂ ಓದಬಾರದು, ನನ್ನ ವಿದ್ಯಾರ್ಥಿಗಳಂತೂ ಓದಲೇಬಾರದು. ಉದ್ಯೋಗ, ಮರ್ಯಾದೆ ಎರಡನ್ನೂ ಕಳೆದುಕೊಂಡ ಲಕ್ಷಾಂತರ ಇರಾಕಿ ಸೈನಿಕರಲ್ಲಿ ಬಹುಪಾಲು ಜನ ಐಸಿಸ್ ಸೇರಲಿಲ್ಲ. ಎಷ್ಟೋ ಮಂದಿ ಹೊಸದಾಗಿ ಕಟ್ಟಿದ ಸೇನೆಗೆ ಮರಳಿದರು. 2014ರಲ್ಲಿ ಮೊಸುಲ್ ನಗರವನ್ನು ಬಿಟ್ಟು ಓಡಿದ್ದೂ, 2017ರಲ್ಲಿ ತಿಂಗಳುಗಟ್ಟಲೆ ಬೀದಿಬೀದಿಯಲ್ಲಿ ಕಾದಾಡಿ ಅದನ್ನು ಬಿಡಿಸಿಕೊಂಡದ್ದೂ ಅದೇ ಹೊಸ ಸೇನೆ.