ಇಪ್ಪತ್ತಾರು ಇಂಚಿನ ಕೋವಿ

2024 ಸೆಪ್ಟೆಂಬರ್ 8, ಭಾನುವಾರ
ಸೇಂಟ್ ಪಾಲ್, ಮಿನೆಸೋಟ

ಕೊನೆಗೂ ಕೋವಿ ಮನೆಗೆ ಬಂತು. 20 ಗೇಜು (ಗೇಜು ಅಂದರೆ ನಳಿಗೆಯ ತೂತಿನ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ತೂತು ಸಣ್ಣ), ಮೇಲೊಂದು ಕೆಳಗೊಂದು ನಳಿಗೆ, ನಳಿಗೆಯ ಉದ್ದ 26 ಇಂಚು. ಸೆಕೆಂಡ್ ಹ್ಯಾಂಡ್. ಮುಂದಿನ ಶನಿವಾರ ಗ್ರೌಸ್ ಅನ್ನುವ ಕಾಡುಕೋಳಿಯಂಥ ಹಕ್ಕಿಯ ಬೇಟೆಯ ಸೀಸನ್ ಶುರು. ಇಡೀ ಬೇಸಿಗೆ ಇದೇ ಯೋಚನೆಯಲ್ಲಿ ಕಳೆದೆ, ಹಾಗಾಗಿ ಯಾಕೆ ಇದನ್ನೇ ತಗೊಂಡೆ ಅಂತ ಬರೆದಿಡುತ್ತೇನೆ.

ಹೋದ ಅಕ್ಟೋಬರ್‌ನಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ಹತ್ತಿರದ ಕಾಡಿಗೆ ಗೆಳೆಯನ ಜೊತೆ ಹೋಗಿದ್ದೆ. ಕೈಯಲ್ಲಿ ಅವನದ್ದೇ 12 ಗೇಜಿನ ಪಂಪ್ ಕೋವಿ (ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವಂಥದ್ದು), 28 ಇಂಚಿನ ನಳಿಗೆ. ಅಲ್ಲಿ ಹಳೇ ಮರ ಕಡಿದ ಜಾಗದಲ್ಲಿ ಆಸ್ಪೆನ್ ಮತ್ತೆ ಚಿಗುರಿ ಹತ್ತು ಹದಿನೈದು ವರ್ಷ ಆಗಿರುತ್ತದೆ, ಮರಗಳು ಮಣಿಕಟ್ಟಿನಷ್ಟು ದಪ್ಪ, ಒಂದಕ್ಕೊಂದು ಎಷ್ಟು ಹತ್ತಿರ ಅಂದರೆ ಹೆಗಲು ಓರೆ ಮಾಡಿಕೊಂಡೇ ನುಗ್ಗಬೇಕು. ಗ್ರೌಸ್‌ಗೆ ಬೇಕಿರುವುದೂ ಅದೇ, ಮೇಲಿಂದ ಗಿಡುಗ ಎರಗಲು ಆಗದ ಪೊದೆ. ನಾಯಿ ಗಕ್ಕನೆ ನಿಂತಿತು. ನಾನು ಎರಡು ಹೆಜ್ಜೆ ಇಟ್ಟೆ. ಕಾಲ ಬುಡದಲ್ಲೇ ಬುರ್ರನೆ ಎದ್ದಿತು ನೋಡಿ, ಎದೆ ಧಸಕ್ ಅಂತು. ಕೋವಿ ಎತ್ತಿದೆ, ನಳಿಗೆಯ ತುದಿ ಹೇಝಲ್ ಕೊಂಬೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಹಕ್ಕಿ ಇಲ್ಲ. ಆ ದಿನ ಮೂರು ಸಲ ಹೀಗೇ ಆಯಿತು.

ಸಂಜೆ ಗೆಳೆಯ ಹೊಡೆದ ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಇನ್ನೂ ಬೆಚ್ಚಗಿತ್ತು. ಬಾಲ ಬಿಡಿಸಿದರೆ ಬೀಸಣಿಗೆ, ಅಂಚಿನಲ್ಲಿ ಕಪ್ಪು ಪಟ್ಟಿ. ಕಾಲ್ಬೆರಳಿನ ಎರಡೂ ಬದಿ ಬಾಚಣಿಗೆ ಹಲ್ಲಿನಂಥ ಸಣ್ಣ ಎಸಳುಗಳು ಮೂಡಿದ್ದವು. ಹಿಮದ ಮೇಲೆ ನಡೆಯಲು ಚಳಿಗಾಲಕ್ಕೆ ಬೆಳೆಯುತ್ತವೆ, ವಸಂತ ಬಂದಾಗ ಉದುರಿ ಹೋಗುತ್ತವೆ. ಇಂಥ ಜೀವವನ್ನು ಹೊಡೆಯುವುದಾದರೆ ಸರಿಯಾಗಿ ಹೊಡೆಯಬೇಕು, ಗಾಯ ಮಾಡಿ ಪೊದೆಯಲ್ಲಿ ಬಿಟ್ಟು ಬರಬಾರದು. ಕೈಗೆ ಒಗ್ಗುವ ಕೋವಿ ಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ಮೊದಲು ಅಂದುಕೊಂಡಿದ್ದು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು ಅಂತ. ಕಾನೂನಿನ ಲೆಕ್ಕದಲ್ಲಿ 'ಶಾರ್ಟ್ ಬ್ಯಾರೆಲ್ ಶಾಟ್‌ಗನ್' ಅಂದರೆ ಬೇರೆಯೇ. 18 ಇಂಚಿಗಿಂತ ಕಡಿಮೆ ನಳಿಗೆ ಇದ್ದರೆ ಅಮೆರಿಕದ 1934ರ ಬಂದೂಕು ಕಾಯಿದೆಯ ಕೆಳಗೆ ಬರುತ್ತದೆ, ಅದರ ಸಹವಾಸ ನಮಗೆ ಬೇಡ. ಹಕ್ಕಿ ಬೇಟೆಯವರು ಗಿಡ್ಡ ಅನ್ನುವುದು 22ರಿಂದ 26 ಇಂಚು.

ಊರಲ್ಲಿ ಅಜ್ಜ ಹೇಳುತ್ತಿದ್ದ, ನಳಿಗೆ ಉದ್ದ ಇದ್ದಷ್ಟೂ ಈಡು ಗಟ್ಟಿ ಅಂತ. ತೀರ್ಥಹಳ್ಳಿ ಕಡೆಯ ಮನೆ, ಗದ್ದೆ ಕಾಯಲು ಕೇಪಿನ ಕೋವಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಶಿಕಾರಿಯ ಮಾತೇ ನಿಂತು ಹೋಯಿತು, ನಾನು ಕೇಳಿದ್ದು ಬರೀ ಕಥೆ. ಅಜ್ಜ ಹೇಳಿದ್ದು ಕರಿಮದ್ದಿಗೆ ನಿಜ, ಅದು ಉರಿದು ಮುಗಿಯಲು ಉದ್ದದ ನಳಿಗೆ ಬೇಕು. ಈಗಿನ ಮದ್ದು ಬೇಗ ಉರಿಯುತ್ತದೆ. ಒಂದು ಇಂಚು ಕಡಿಮೆಯಾದರೆ ಚರೆಯ (ತೋಟಾದೊಳಗಿನ ಸಣ್ಣ ಕಾಳುಗಳ) ವೇಗ ಸೆಕೆಂಡಿಗೆ ಐದರಿಂದ ಹತ್ತು ಅಡಿ ಕಡಿಮೆ ಆಗಬಹುದು, 1,200 ಅಡಿಯಲ್ಲಿ ಅದು ಯಾವ ಲೆಕ್ಕ? ಚರೆ ಎಷ್ಟು ಹರಡಬೇಕು ಅನ್ನುವುದನ್ನು ತೀರ್ಮಾನಿಸುವುದು ಚೋಕ್, ಅಂದರೆ ನಳಿಗೆಯ ಬಾಯನ್ನು ಕಿರಿದು ಮಾಡುವ ಭಾಗ, ಉದ್ದ ಅಲ್ಲ.

ಅಂಗಡಿಯಲ್ಲಿ ಟೇಪ್ ಹಿಡಿದು ಅಳೆದಾಗ ಕಣ್ಣು ತೆರೆಯಿತು. ಪಂಪ್ ಕೋವಿಯಲ್ಲಿ ನಳಿಗೆಯ ಹಿಂದೆ ತೋಟಾ ಹಿಂದೆ ಮುಂದೆ ಓಡಾಡಲು ಉದ್ದನೆಯ ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಮಡಚುವ ಜೋಡು ನಳಿಗೆಯಲ್ಲಿ ಅದು ಗಿಡ್ಡ. ಹಾಗಾಗಿ 26 ಇಂಚಿನ ಜೋಡು ನಳಿಗೆಯ ಒಟ್ಟು ಉದ್ದ ಸುಮಾರು 43 ಇಂಚು, ಅಷ್ಟೇ ನಳಿಗೆಯ ಪಂಪ್ ಸುಮಾರು 46. ಕೊಂಬೆಗೆ ಸಿಕ್ಕಿಕೊಳ್ಳುವುದು ಒಟ್ಟು ಉದ್ದ ತಾನೇ?

22 ಇಂಚಿನ, ಮಕ್ಕಳ ಅಳತೆಯ ಪಂಪನ್ನೂ ಎತ್ತಿ ನೋಡಿದೆ. ಹಗುರ, ಚುರುಕು. ಆದರೆ ಸ್ಟಾಕ್ (ಹೆಗಲಿಗೆ ಒತ್ತುವ ಹಿಂಭಾಗ) ಗಿಡ್ಡ, ಹೆಬ್ಬೆರಳು ಮೂಗಿಗೆ ತಾಗುತ್ತಿತ್ತು. ಇನ್ನೊಂದು ತೊಂದರೆ, ಮುಂದೆ ತೂಕವೇ ಇಲ್ಲದಿದ್ದರೆ ಕೋವಿ ಬೇಗ ತಿರುಗುತ್ತದೆ, ಅಷ್ಟೇ ಬೇಗ ನಿಂತೂ ಬಿಡುತ್ತದೆ. ಹಾರುವ ಹಕ್ಕಿಯ ಜೊತೆ ನಳಿಗೆ ಓಡುತ್ತಲೇ ಇರಬೇಕು. ನಿಂತರೆ ಈಡು ಬಾಲದ ಹಿಂದೆ.

ಇಥಾಕಾ 37 ಅನ್ನುವ ಪಂಪ್ ಕೂಡ ಇತ್ತು, 26 ಇಂಚಿನದು. ಅದನ್ನು ಬಿಟ್ಟು ಬರುವಾಗ ಹೊಟ್ಟೆ ಉರಿಯಿತು. ನಾನು ಎಡಚ, ಹೆಚ್ಚಿನ ಪಂಪ್‌ಗಳಲ್ಲಿ ಖಾಲಿ ತೋಟಾ ನನ್ನ ಮುಖದ ಮುಂದೆಯೇ ಹಾರುತ್ತದೆ. ಇದರಲ್ಲಿ ಕೆಳಗೆ ಬೀಳುತ್ತದೆ. ಚಂದದ ಕೋವಿ. ಆದರೂ ಜೋಡು ನಳಿಗೆಗೇ ಮನಸ್ಸು ವಾಲಿತು. ಬೇಲಿ ದಾಟುವಾಗ ಮಡಚಿ ಹಿಡಿದರೆ ಖಾಲಿ ಇದೆ ಅಂತ ಪಕ್ಕದವನಿಗೂ ಕಾಣುತ್ತದೆ, ನಾಯಿ ಜೊತೆಗಿರುವಾಗ ಅದು ದೊಡ್ಡ ನೆಮ್ಮದಿ. ಸೇಫ್ಟಿ ಮೇಲೆ ನಡುವಿನಲ್ಲೇ ಇದೆ, ಎಡಗೈಗೂ ಸಲೀಸು. ಎರಡು ನಳಿಗೆಗೆ ಎರಡು ಚೋಕ್: ಮೊದಲನೆಯದಕ್ಕೆ ಸ್ಕೀಟ್, ಎರಡನೆಯದಕ್ಕೆ ತುಸು ಬಿಗಿಯಾದ ಇಂಪ್ರೂವ್ಡ್ ಸಿಲಿಂಡರ್. ಆ ಪೊದೆಯಲ್ಲಿ ಹೆಚ್ಚಿನ ಈಡುಗಳು 25 ಗಜದ ಒಳಗೇ, ಅದಕ್ಕಿಂತ ಬಿಗಿ ಚೋಕ್ ಹಾಕಿದರೆ ಒಂದೋ ತಪ್ಪುತ್ತದೆ, ಇಲ್ಲಾ ಮಾಂಸ ಚಿಂದಿ.

ಒಂದು ಮಾತು, ಹೊಸದಾಗಿ ಶುರು ಮಾಡುವವರಿಗೆ. 20 ಗೇಜಿನ ಹಳದಿ ತೋಟಾ ಜೇಬಿನಲ್ಲಿದ್ದಾಗ 12ರದ್ದನ್ನು ಅದರ ಜೊತೆ ಯಾವತ್ತೂ ಸೇರಿಸಬೇಡಿ. ಹಳದಿಯದು 12ರ ನಳಿಗೆಯೊಳಗೆ ಜಾರಿ ನಡುವೆ ಕೂರುತ್ತದೆ. ಖಾಲಿ ಅಂದುಕೊಂಡು ಮೇಲೆ ಇನ್ನೊಂದು ಹಾಕಿ ಕುದುರೆ ಎಳೆದರೆ ನಳಿಗೆ ಸೀಳುತ್ತದೆ, ಕೈ ಹೋಗುತ್ತದೆ.

ಇವತ್ತು ಮಧ್ಯಾಹ್ನ ರೇಂಜಿನಲ್ಲಿ 20 ಗಜಕ್ಕೆ ದೊಡ್ಡ ಕಾಗದ ಕಟ್ಟಿ ಹೊಡೆದೆ. ಏಳೂವರೆ ನಂಬರ್ ಚರೆ, ಮುಕ್ಕಾಲು ಔನ್ಸಿಗಿಂತ ಸ್ವಲ್ಪ ಜಾಸ್ತಿ, ಸುಮಾರು 300 ಕಾಳು. ಕಾಗದದ ತುಂಬ ತೂತು ಸಮನಾಗಿ ಹರಡಿತ್ತು, ನಡುವೆ ಹಕ್ಕಿ ತಪ್ಪಿಸಿಕೊಳ್ಳುವಷ್ಟು ಜಾಗ ಎಲ್ಲೂ ಕಾಣಲಿಲ್ಲ. ಆದರೆ ಒಟ್ಟಾರೆ ಒಂದು ಗೇಣು ಬಲಕ್ಕೆ ಬಿದ್ದಿದೆ. ಕೆನ್ನೆ ಸ್ಟಾಕಿಗೆ ಸರಿಯಾಗಿ ಒತ್ತುತ್ತಿಲ್ಲ ಅನ್ನಿಸುತ್ತದೆ. ರಾತ್ರಿ ಊಟ ಆದ ಮೇಲೆ ಡಮ್ಮಿ ತೋಟಾ ಹಾಕಿ, ಕಣ್ಣು ಮುಚ್ಚಿ ಕೋವಿ ಎತ್ತಿ, ಕಣ್ಣು ಬಿಟ್ಟು ಕನ್ನಡಿಯಲ್ಲಿ ನೋಡಿಕೊಂಡೆ. ಐವತ್ತು ಸಲ. ಶನಿವಾರದವರೆಗೆ ದಿನಾ ಇದನ್ನೇ ಮಾಡುತ್ತೇನೆ.