ಜಿಲ್ಲಾ ಅಂಕಿಯ ಹಿಂದಿರುವ ಅಳತೆಪಟ್ಟಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಯಾದಗಿರಿಗೂ ದಕ್ಷಿಣ ಕನ್ನಡಕ್ಕೂ ಇದೇ ಒಂದು ಅಂಕಿ ಹಿಡಿದು ಯೋಜನೆ ಮಾಡುವುದು ಅನ್ಯಾಯ. ಜಿಲ್ಲಾವಾರು ನೋಡಲೇಬೇಕು. ಅದಕ್ಕೂ ಮೊದಲು ಅಳತೆ ನೆಟ್ಟಗಿರಬೇಕು.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಅದಕ್ಕಿಂತ ದೊಡ್ಡ ಮಕ್ಕಳನ್ನು ನಿಲ್ಲಿಸಿ. ಚಿಕ್ಕ ಮಗುವನ್ನು ನಿಲ್ಲಿಸಿಯೇ ಅಳೆದಿದ್ದರೆ 0.7 ಸೆಂ.ಮೀ. ಸೇರಿಸಬೇಕು. ಮಲಗಿಸಿದಾಗ ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮಂಡಿ ಮೆಲ್ಲಗೆ ಒತ್ತಿ ಪಾದದ ಹಲಗೆ ಸರಿಸಬೇಕು. ಒಬ್ಬರೇ ಮಾಡಿದರೆ ಮಂಡಿ ಮಡಚಿ ಮಗು ಲೆಕ್ಕದಲ್ಲಿ ಗಿಡ್ಡವಾಗುತ್ತದೆ.

ಇದಕ್ಕಿಂತ ದೊಡ್ಡ ತಾಪತ್ರಯ ವಯಸ್ಸಿನದು. "ಎರಡು ತುಂಬಿದೆ" ಅಂದ ಕೂಡಲೇ 24 ತಿಂಗಳು ಅಂತ ಬರೆದುಬಿಡುತ್ತಾರೆ. ಮಗುವಿಗೆ ನಿಜಕ್ಕೂ 28 ತಿಂಗಳಾಗಿದ್ದರೆ ಅದರ ಕುಂಠಿತ ಬೆಳವಣಿಗೆ ಕಣ್ಣಿಗೇ ಬೀಳದೆ ಹೋಗಬಹುದು. ತಾಯಿ ಕಾರ್ಡ್ ನೋಡಿ ತಾರೀಖು ಬರೆಯಿರಿ. ಕಾರ್ಡ್ ಇಲ್ಲವೇ? ಯುಗಾದಿಗೆ ಮುಂಚೆಯೋ ಆಮೇಲೋ, ಊರ ಜಾತ್ರೆ ಆಗಿತ್ತೋ ಇಲ್ಲವೋ ಕೇಳಿ ತಿಂಗಳು ಹಿಡಿಯಿರಿ.

ಕಾರಣಗಳಿಗೆ ಬಂದರೆ ಜನನ ತೂಕ, ತಾಯಿಯ ಮದುವೆ ವಯಸ್ಸು, ಓದು, ಶೌಚಾಲಯ, ಕುಡಿಯುವ ನೀರು, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಮಗುವಿಗೆ ಭೇದಿ ಆಗಿತ್ತೇ ಎಂದು ಸಮೀಕ್ಷೆಯಲ್ಲಿ ಕೇಳುವುದು ಹಿಂದಿನ ಎರಡು ವಾರದ್ದು ಮಾತ್ರ. ಒಂದು ಜಿಲ್ಲೆಯಲ್ಲಿ ಮಳೆಗಾಲದಲ್ಲಿ, ಇನ್ನೊಂದರಲ್ಲಿ ಚಳಿಗಾಲದಲ್ಲಿ ಕೇಳಿದರೆ ಹೋಲಿಕೆಯೇ ಕೆಟ್ಟಿತು.

ಒಂದು ಜಿಲ್ಲೆಯಲ್ಲಿ ಅಳೆಯುವುದು ಕೆಲವೇ ನೂರು ಮಕ್ಕಳನ್ನು. ಹಾಗಾಗಿ ಎರಡು ಜಿಲ್ಲೆಗಳ ನಡುವೆ ಮೂರು ಶೇಕಡಾ ಅಂತರ ಕಂಡ ಮಾತ್ರಕ್ಕೆ ಒಂದು ಮುಂದೆ, ಒಂದು ಹಿಂದೆ ಅನ್ನಬೇಡಿ. ಇದೇ ದತ್ತಾಂಶವನ್ನು ತಾಲ್ಲೂಕಿಗೆ ಒಡೆಯುವುದಂತೂ ಬೇಡವೇ ಬೇಡ.